ಜೀರ್ಣೋದ್ಧಾರದ ಧರ್ಮ

ಹಳೆಯ ದೇವಾಲಯದ ಗೋಡೆಯು ಬಿರಿದಾಗ ಏನು ಮಾಡಬೇಕೆಂಬದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಉತ್ತರವುಂಟು. ಭಕ್ತಸಮೂಹವೇ ಬಿರಿದಾಗ ಏನು ಮಾಡಬೇಕು? ಮಠವಾಗಲಿ, ಕ್ರೈಸ್ತರ ಸಭೆಯಾಗಲಿ, ಹಿರಿಯರು ಸಂದು, ಕಿರಿಯರು ದೂರವಾಗಿ, ವಿಧಿಯು ಉಳಿದು ಭಾವವು ಆರಿದ ಕಾಲದಲ್ಲಿ, ಅದನ್ನು ಹೊಸದಾಗಿ ಕಟ್ಟಲು ನಾಯಕನಿಗೆ ಅಧಿಕಾರವೆಷ್ಟು? ಈ ಪ್ರಶ್ನೆಯು ವಿಚಾರಾರ್ಹವಾದದ್ದು.

ಸಾಲಹಳ್ಳಿಯ ಸೀಮೆಯವರು ದೃಷ್ಟಾಂತವನ್ನು ದೂರ ಅರಸಬೇಕಾಗಿಲ್ಲ. ರಾಮದುರ್ಗದ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯು ಮುಂದೆ ಶಿವಯೋಗಮಂದಿರವನ್ನೂ ಪಟ್ಟದಕಲ್ಲನ್ನೂ ಮುಟ್ಟುವದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿಯು ಕಟ್ಟಿಸಿದಳು. ಕಟ್ಟಿದ ಗುಂಡನೆಂಬ ಸ್ಥಪತಿಯ ಹೆಸರು ಅಲ್ಲಿಯ ಶಾಸನದಲ್ಲಿದೆ. ಸ್ಥಪತಿಯಾದವನ ಕ್ರಮವನ್ನು ನೋಡಿರಿ. ಅವನು ಮೊದಲು ನೆಲವನ್ನು ಪರೀಕ್ಷಿಸುವನು. ಬಳಿಕ ಅಳತೆಯನ್ನು ಗೊತ್ತುಮಾಡುವನು. ಭಾರವು ಯಾವ ಕಂಬದ ಮೇಲಿದೆಯೆಂಬದನ್ನು ಅರಿಯದೆ ಯಾವದನ್ನೂ ಕದಲಿಸನು. ಜೀರ್ಣೋದ್ಧಾರದಲ್ಲಿಯಾದರೋ ಆಗಮಗಳು ಇನ್ನೊಂದು ವಿಧಿಯನ್ನು ಹೇಳುವವು. ಗರ್ಭಗೃಹಕ್ಕೆ ಕೈಹಚ್ಚುವ ಮೊದಲು ಬಾಲಾಲಯವೆಂಬ ಚಿಕ್ಕ ಗುಡಿಯನ್ನು ತಾತ್ಕಾಲಿಕವಾಗಿ ಕಟ್ಟಿ, ದೇವರ ಸಾನ್ನಿಧ್ಯವನ್ನು ಅಲ್ಲಿಗೆ ಒಯ್ದು, ಪೂಜೆಯು ನಿಲ್ಲದಂತೆ ನೋಡಿಕೊಳ್ಳಬೇಕು.

ಈ ವಿಧಿಯು ಮನುಷ್ಯಸಮೂಹಕ್ಕೂ ಸಲ್ಲುವದೆಂಬದಕ್ಕೆ ದಕ್ಷಿಣ ಭಾರತ ಸಭೆಯ ವೃತ್ತಾಂತವು ಸಾಕ್ಷಿಯಾಗಿದೆ. ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಬೇರೆ ಬೇರೆ ಪಂಥಗಳ ಕ್ರೈಸ್ತರನ್ನು ಒಂದುಗೂಡಿಸಿದ ಈ ಐಕ್ಯದ ಮಾತು 1919ರಲ್ಲಿ ತರಂಗಂಬಾಡಿಯಲ್ಲಿ ಹುಟ್ಟಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಅದು ಸಿದ್ಧಿಸಿತು. ಬಿಷಪ್ಪರಿಂದ ದೀಕ್ಷೆ ಪಡೆಯದಿದ್ದ ಬೋಧಕರನ್ನು ಏನು ಮಾಡಬೇಕೆಂಬದು ಕಠಿನವಾದ ತೊಡಕಾಗಿತ್ತು. ಅವರಿಗೆ ಮರಳಿ ದೀಕ್ಷೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಸುಳ್ಳೆಂದಂತಾಗುವದು. ಆದುದರಿಂದ ಹಳಬರನ್ನು ಇದ್ದಂತೆಯೇ ಒಪ್ಪಿಕೊಂಡು, ಮುಂದೆ ಬರುವವರಿಗೆ ಬಿಷಪ್ಪರ ದೀಕ್ಷೆಯನ್ನು ವಿಧಿಸಿ, 30 ವರ್ಷಗಳ ಸಂಧಿಕಾಲವನ್ನು ಇಟ್ಟರು. ಆ ಸಂಧಿಕಾಲವೇ ಅವರ ಬಾಲಾಲಯವಾಯಿತೆನ್ನಬಹುದು.

ಆದರೆ ಉಪಮಾನಕ್ಕೆ ಒಂದು ಮೇರೆಯುಂಟು. ಕಲ್ಲು ಉಳಿಯ ಪೆಟ್ಟನ್ನು ಬೇಡವೆನ್ನದು. ಮನುಷ್ಯನು ಎನ್ನುವನು, ಎನ್ನುವ ಅಧಿಕಾರವೂ ಅವನಿಗುಂಟು. ನಕಾಶೆಯು ಎಷ್ಟೇ ಸುಂದರವಾಗಿರಲಿ, ಜನರನ್ನು ಕಲ್ಲುಗಳೆಂದು ಬಗೆದು ಕಟ್ಟಿದ್ದು ಅಧರ್ಮವೇ ಸರಿ.

ಎಲ್ಲರೂ ಒಪ್ಪುವವರೆಗೆ ಕಾದರೆ ಅಷ್ಟರಲ್ಲಿ ಮಾಳಿಗೆಯೇ ಕುಸಿದೀತೆಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪವು ಪೊಳ್ಳಲ್ಲ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು, 1914ರಲ್ಲಿ ಮೊದಲಾದ ಮಹಾಯುದ್ಧದ ದೆಸೆಯಿಂದ ನಾಡನ್ನು ಬಿಡಬೇಕಾಯಿತು. ಇಲ್ಲಿಯ ಸಭೆಗಳಿಗೆ ಕಾಯುವ ಅವಕಾಶವಿರಲಿಲ್ಲ; ಇದ್ದವರ ಹೆಗಲ ಮೇಲೆಯೇ ಭಾರವು ಬಿದ್ದಿತು. ಆದರೆ ಇದರಿಂದ ತಿಳಿಯುವದೇನು? ಅವಸರದ ದಿನ ಬಲಾತ್ಕಾರವು ಸಲ್ಲುವದೆಂದಲ್ಲ. ಗೋಡೆಯು ನೆಟ್ಟಗಿರುವಾಗಲೇ ಹೆಗಲುಗಳನ್ನು ಸಿದ್ಧಪಡಿಸಬೇಕೆಂದು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ, ಮುಂದೆ ಮಠಗಳನ್ನು ನಡೆಯಿಸತಕ್ಕ ವಟುಗಳಿಗೆ ಶಿಕ್ಷಣ ಕೊಡಿಸಿದ್ದರಲ್ಲಿ ಈ ದೂರದೃಷ್ಟಿಯನ್ನು ಕಾಣಬಹುದು. ಮಠವನ್ನು ತಿದ್ದುವದಕ್ಕಿಂತ ಮೊದಲು ಮಠಕ್ಕೆ ಬರುವವನನ್ನು ತಿದ್ದಿದರೆ, ಒಪ್ಪಿಗೆಯು ಬೇಡದೆಯೇ ದೊರೆಯುವದು.

ಕೊನೆಯದಾಗಿ ನಾಯಕನ ಮಾತು. 1912ರಲ್ಲಿ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ಪರಾದ ಅಜರಯ್ಯನವರು ತರಂಗಂಬಾಡಿಯ ಕಾಲದಿಂದ ಐಕ್ಯಕ್ಕಾಗಿ ದುಡಿದು 1945ರಲ್ಲಿ ತೀರಿಕೊಂಡರು. ಎರಡು ವರ್ಷಗಳ ತರುವಾಯ ಆದ ಐಕ್ಯವನ್ನು ಅವರು ಕಾಣಲಿಲ್ಲ. ಕಳಸವನ್ನೇರಿಸುವ ದಿನ ತಾನಿರಲೇಬೇಕೆಂಬ ಹಟವುಳ್ಳವನು ಬುನಾದಿಯನ್ನು ಅವಸರದಿಂದ ತುಂಬುವನು. ತಾನಿಲ್ಲದ ದಿನವೂ ಪೂಜೆಯು ನಡೆಯಲೆಂದು ಬಯಸುವವನೇ ಜೀರ್ಣೋದ್ಧಾರಕ್ಕೆ ಅಧಿಕಾರಿಯು.