ಇಂದಿನ ಧಮ್ಮ ಚಿಂತನೆ: ಕ್ರಮ್ ಸೋತದ್ದು ಯಾಕೆ?



ಬಂಧುಗಳೇ, ಎರಡೇ ಅಂಕದಲ್ಲಿ ಕೆಲಸ ಕೈತಪ್ಪಿದ ಮಕ್ಕಳಿಗೆ ನಮ್ಮ ಮನೆಗಳಲ್ಲೂ ಈಗಲೂ ಹೇಳುವ ಮಾತು ಒಂದೇ: "ಏನ್ ಮಾಡೋದು, ಹಣೇಲಿ ಬರೆದಿಲ್ಲ." ಇದನ್ನು ಕೇಳಿದಾಗಲೆಲ್ಲ ನನಗೆ ಮಕ್ಕಳು ಇಷ್ಟಪಟ್ಟು ಓದುವ ಹ್ಯಾರಿ ಪಾಟರ್ ಕಥೆಯ ಒಬ್ಬ ಆಟಗಾರ ನೆನಪಾಗುತ್ತಾನೆ.

ಆ ಕಥೆಯ ಮಾಂತ್ರಿಕರು ಪೊರಕೆಯ ಮೇಲೆ ಹಾರುತ್ತಾ ಕ್ವಿಡಿಚ್ ಆಡುತ್ತಾರೆ. ತಂಡಕ್ಕೆ 7 ಜನ. ಒಂದು ಗೋಲಿಗೆ 10 ಅಂಕ. ಸ್ನಿಚ್ ಎಂಬ ಪುಟ್ಟ ಚಿನ್ನದ ಚೆಂಡನ್ನು ಹಿಡಿದರೆ 150 ಅಂಕ, ಆಟವೂ ಅಲ್ಲಿಗೇ ಮುಗಿಯಿತು. 2000ರಲ್ಲಿ ಬಂದ ನಾಲ್ಕನೆಯ ಪುಸ್ತಕದಲ್ಲಿ ವಿಶ್ವಕಪ್ ಫೈನಲ್ ಬರುತ್ತದೆ. ಬಲ್ಗೇರಿಯಾದ ವಿಕ್ಟರ್ ಕ್ರಮ್ ಮುಖದಿಂದ ರಕ್ತ ಸುರಿಯುತ್ತಿದ್ದರೂ ಸ್ನಿಚ್ ಹಿಡಿದ. ಆದರೂ ಐರ್ಲೆಂಡ್ 170-160ರಿಂದ ಗೆದ್ದಿತು.

ಪಾಪ, ನಸೀಬು ಕೆಟ್ಟಿತ್ತು ಅನ್ನಿಸುತ್ತದೆ. ಆದರೆ ಲೆಕ್ಕ ನೋಡಿ. ಕ್ರಮ್ ಸ್ನಿಚ್ ಹಿಡಿಯುವ ಹೊತ್ತಿಗೆ ಐರ್ಲೆಂಡ್ 17 ಗೋಲು ಹೊಡೆದಿತ್ತು, ಬಲ್ಗೇರಿಯಾ ಒಂದೇ ಒಂದು. ಐರ್ಲೆಂಡಿನ ಗೋಲು ಹೊಡೆಯುವ ಮೂವರು ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿದವರಂತೆ ಆಡಿದ್ದರು. ಬಲ್ಗೇರಿಯಾ ಇನ್ನೆರಡು ಗೋಲು ಹೊಡೆದಿದ್ದರೆ ಕಪ್ ಅವರದೇ. ಇದರಲ್ಲಿ ಹಣೆಬರಹ ಎಲ್ಲಿದೆ?

ಕಾರಣವಿಲ್ಲದೆ ಏನೂ ಆಗುವುದಿಲ್ಲ, ಇದೇ ಭಗವಾನ್ ಬುದ್ಧರು ಕಲಿಸಿದ ಪಟಿಚ್ಚ ಸಮುಪ್ಪಾದ. ಹಿಂದಿನ ಜನ್ಮದ ಕರ್ಮದಿಂದ ಈಗಿನ ಬಡತನ ಬಂದಿದೆ ಎಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ತಳ್ಳಿಹಾಕಿದ್ದಾರೆ. ಅದನ್ನು ಒಪ್ಪಿದರೆ ಬಡವರ ಸ್ಥಿತಿಗೆ ಸಮಾಜವೂ ಹೊಣೆಯಲ್ಲ, ಸರ್ಕಾರವೂ ಹೊಣೆಯಲ್ಲ ಎಂದಾಗಿಬಿಡುತ್ತದೆ.

ನಮ್ಮ ಕೇರಿಗಳಲ್ಲೂ ಕ್ರಮ್‌ಗಳಿದ್ದಾರೆ. ಒಬ್ಬ ಹುಡುಗಿ ಆಫೀಸರ್ ಆದರೆ ಹಾರ ಹಾಕುತ್ತೇವೆ, ಫ್ಲೆಕ್ಸ್ ಕಟ್ಟುತ್ತೇವೆ. ಪಕ್ಕದ ಮನೆಯ ಹುಡುಗ ಶಾಲೆ ಬಿಟ್ಟದ್ದು ನಮಗೆ ಗೊತ್ತೇ ಇರುವುದಿಲ್ಲ. ಒಬ್ಬರ ಪ್ರತಿಭೆಯಿಂದ ತಂಡ ಗೆಲ್ಲುವುದಿಲ್ಲ. ಬುದ್ಧ, ಧಮ್ಮದ ಜೊತೆಗೆ ನಾವು ಸಂಘಕ್ಕೂ ಶರಣು ಹೋಗುವುದನ್ನು ನಾನು ಹೀಗೂ ಅರ್ಥ ಮಾಡಿಕೊಳ್ಳುತ್ತೇನೆ.

*ಇಂದಿನ ಅಭ್ಯಾಸ:* ಪರೀಕ್ಷೆಯಲ್ಲಿ ಹಿಂದೆ ಬಿದ್ದ ಒಂದು ಮಗುವಿನ ಮನೆಗೆ ಹೋಗಿ. ತಾಯತ ಕಟ್ಟಿಸಬೇಡಿ, ಜಾತಕ ತೋರಿಸಬೇಡಿ ಎಂದು ಅಪ್ಪ ಅಮ್ಮನಿಗೆ ಪ್ರೀತಿಯಿಂದ ಹೇಳಿ. ಯಾವ ವಿಷಯ ಕಷ್ಟ, ಪುಸ್ತಕ ಇದೆಯಾ, ರಾತ್ರಿ ಕೂತು ಓದಲು ಜಾಗ ಇದೆಯಾ ಎಂದು ಕೇಳಿ. ಸಿಕ್ಕ ಕಾರಣಗಳಲ್ಲಿ ಒಂದನ್ನಾದರೂ ನೀವು ಸರಿಮಾಡಿ. ಆ ಎರಡು ಗೋಲು ನಾವು ಹೊಡೆಯಬೇಕಾದದ್ದು.

ಭವತು ಸಬ್ಬ ಮಂಗಲಂ 🪷