ಪ್ರಯೋಗದ ತಟ್ಟೆಯೊಳಗಿನ ಹಿಂಸೆ

ಪ್ರಾಣಿಗಳ ಮೇಲಿನ ಪ್ರಯೋಗದ ಮಾತು ಬಂದಾಗಲೆಲ್ಲ, ಅದರ ಬದಲು ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡಬಹುದಲ್ಲವೆ, ಅದರಲ್ಲಿ ಹಿಂಸೆಯಿಲ್ಲವಲ್ಲ ಎಂಬ ಸಮಾಧಾನ ನಮ್ಮಲ್ಲಿ ಕೇಳಿಬರುತ್ತದೆ. ಕ್ಯಾನ್ಸರ್ ಸಂಶೋಧನೆಯ ಒಂದು ವಿಭಾಗವನ್ನು ನೋಡಿದರೆ ಈ ಸಮಾಧಾನ ನಿಲ್ಲದು.

ಚರ್ಮ, ಕರುಳು ಮುಂತಾದ ಅಂಗಗಳ ಹೊದಿಕೆಯ ಜೀವಕೋಶಗಳು ತಮ್ಮ ನೆಲೆಗೆ ಅಂಟಿಕೊಂಡೇ ಬದುಕುತ್ತವೆ. ನೆಲೆ ಕಳಚಿದರೆ ತಾವಾಗಿ ಸಾಯುತ್ತವೆ. 1994ರಲ್ಲಿ ಅಮೆರಿಕದ ಫ್ರಿಶ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ಈ ಸಾವಿಗೆ ‘ಅನೊಯ್ಕಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮನೆಯಿಲ್ಲದ ಸ್ಥಿತಿ ಎಂದರ್ಥ. ಹರಡಬಲ್ಲ ಕ್ಯಾನ್ಸರ್ ಕೋಶವಾದರೋ ಈ ಸಾವನ್ನು ತಪ್ಪಿಸಿಕೊಂಡು, ರಕ್ತದಲ್ಲಿ ತೇಲಿ, ಶ್ವಾಸಕೋಶದಲ್ಲೋ ಮೂಳೆಯಲ್ಲೋ ಬೇರೂರುತ್ತದೆ.

ಇದನ್ನು ಪರೀಕ್ಷಿಸುವ ಕ್ರಮ ಸರಳ. ಮೃದು ಕಾಂಟ್ಯಾಕ್ಟ್ ಲೆನ್ಸಿಗೆ ಬಳಸುವ ಪಾಲಿಹೆಮಾ ಎಂಬ ವಸ್ತುವನ್ನು ತಟ್ಟೆಗೆ ಲೇಪಿಸಿದರೆ ಕೋಶಗಳಿಗೆ ಅಂಟಲು ಆಸರೆ ಸಿಗದು. ಒಂದೆರಡು ದಿನ ತೇಲಲು ಬಿಟ್ಟು, ಬಣ್ಣ ಹಾಕಿ, ಸತ್ತವೆಷ್ಟು ಉಳಿದವೆಷ್ಟು ಎಂದು ಎಣಿಸುತ್ತಾರೆ. ಕಡಲಪಾಚಿಯಿಂದ ತೆಗೆದ ಅಗರ್‌ನಲ್ಲಿ ಕೋಶಗಳನ್ನು ಹುದುಗಿಸಿ, ಕೆಲವು ವಾರ ಕಾದು, ಗುಂಪುಗಟ್ಟಿ ಬೆಳೆದವನ್ನು ಎಣಿಸುವ ಕ್ರಮವೂ ಉಂಟು.

ಇಲ್ಲಿಯವರೆಗೆ ರಕ್ತ ಕಾಣದು. ಆದರೆ ಆ ಕೋಶಗಳು ಉಣ್ಣುವುದೇನನ್ನು? ಅವುಗಳ ದ್ರವಾಹಾರಕ್ಕೆ ಸಾಮಾನ್ಯವಾಗಿ ಶೇ. 10ರಷ್ಟು ಸೀರಮ್ ಬೆರೆಸುತ್ತಾರೆ. ಕಸಾಯಿಖಾನೆಯಲ್ಲಿ ಕೊಂದ ಗಬ್ಬದ ಹಸುವಿನ ಹೊಟ್ಟೆಯಿಂದ ಭ್ರೂಣವನ್ನು ತೆಗೆದು, ಅದರ ಹೃದಯಕ್ಕೆ ಸೂಜಿ ಚುಚ್ಚಿ ಪಡೆದ ರಕ್ತದಿಂದ ಅದು ತಯಾರಾಗುತ್ತದೆ. ಇಲಿಯ ಬಾಲದ ರಕ್ತನಾಳಕ್ಕೆ ಕ್ಯಾನ್ಸರ್ ಕೋಶ ಚುಚ್ಚಿ, ಕೊನೆಗೆ ಅದನ್ನು ಕೊಂದು ಶ್ವಾಸಕೋಶ ನೋಡುವ ಪ್ರಯೋಗವಾದರೂ ನೀತಿಸಮಿತಿಯ ಮುಂದೆ ಬರುತ್ತದೆ. ಇಲಿಗಳ ಲೆಕ್ಕ ಇರುತ್ತದೆ. ಸೀರಮ್ ಮಾತ್ರ ಖರೀದಿಯ ಬಿಲ್ಲಿನಲ್ಲಿ ಒಂದು ಬಾಟಲಿ. ಆಯುಷ್ಯವೆಲ್ಲ ಖಾತೆ ಬರೆದ ನನಗೆ ಇದು ಚೆನ್ನಾಗಿ ಗೊತ್ತು: ಸಾಮಗ್ರಿಯ ಖರ್ಚಿನಲ್ಲಿ ಸೇರಿಹೋದುದನ್ನು ಯಾರೂ ಬಿಡಿಸಿ ನೋಡುವುದಿಲ್ಲ.

ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಬಲ್ಲ ನಾವು, ದೇಣಿಗೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಹಾಗೆಂದು ಸಂಶೋಧನೆಯೇ ಬೇಡವೆನ್ನಲಾರೆ. ಅದರ ಫಲವಾದ ಔಷಧಿಗಳಿಂದ ಬದುಕಿದವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಇಲ್ಲಿ ಒಂದು ಅನುಕೂಲವಿದೆ. ಸೀರಮ್‌ನಲ್ಲಿರುವ ಬೆಳವಣಿಗೆಯ ಅಂಶಗಳೇ ತೇಲುವ ಕೋಶವನ್ನು ಸಾವಿನಿಂದ ಕಾಪಾಡಬಲ್ಲವು. ಒಂದು ಕಂತಿನ ಸೀರಮ್‌ನಂತೆ ಇನ್ನೊಂದಿರದು. ಅದನ್ನು ಬಿಟ್ಟರೆ ಪ್ರಯೋಗದ ಫಲಿತಾಂಶವೂ ಹೆಚ್ಚು ಸ್ಪಷ್ಟವಾದೀತು. ಸೀರಮ್‌ರಹಿತ ದ್ರವಗಳೂ, ರಕ್ತದಾನಿಗಳ ಪ್ಲೇಟ್‌ಲೆಟ್‌ಗಳಿಂದ ಮಾಡಿದ ಪೋಷಕವೂ ಇವೆ. ಎಲ್ಲ ಕೋಶಗಳೂ ಅವಕ್ಕೆ ಬೇಗ ಒಗ್ಗುವುದಿಲ್ಲ. ಒಗ್ಗಿಸಲು ಕಾಲವೂ ಹಣವೂ ಬೇಕು.

ನಮ್ಮ ಟ್ರಸ್ಟ್‌ಗಳು ಹೊರಬೇಕಾದುದು ಆ ಖರ್ಚನ್ನು. ಅರ್ಜಿ ತಂದವರನ್ನು ಮೊದಲು ಕೇಳೋಣ: ವರ್ಷಕ್ಕೆ ಎಷ್ಟು ಲೀಟರ್ ಸೀರಮ್ ಕೊಳ್ಳುತ್ತೀರಿ?