ಊರುಗೋಲು ಪಾದರಕ್ಷೆಯೋ, ಪಾದವೋ?

ದೇವಾಲಯದ ಹೊಸ್ತಿಲಿನ ಹೊರಗೆ ಪಾದರಕ್ಷೆಯನ್ನು ಬಿಡುವುದು ಸರಿಯಷ್ಟೆ. ಊರುಗೋಲನ್ನೂ ಅಲ್ಲಿಯೇ ಬಿಡಬೇಕೆ? ಪ್ರಶ್ನೆಯು ಅಲ್ಪವೆಂದು ತೋರಬಹುದು. ನಮ್ಮ ಮನೆಯಲ್ಲಿ ಇದಕ್ಕೆ ಉತ್ತರವು ತಪ್ಪಿದ್ದರಿಂದ ತೀರ್ಥರೂಪರು ಎರಡು ತಿಂಗಳು ಹಾಸಿಗೆ ಹಿಡಿದರು.

ನಮ್ಮದು ಮಾದಿಹಳ್ಳಿ. ತೀರ್ಥರೂಪರದು ಅರ್ಚಕವೃತ್ತಿ, ವಯಸ್ಸು ಎಪ್ಪತ್ತು ದಾಟಿದೆ. ಬಲಮೊಣಕಾಲಿನ ಕೀಲು ಸವೆದು, ಕೋಲು ಹಿಡಿಯಬೇಕೆಂದು ವೈದ್ಯರು ಹೇಳಿದರು. ಬೀದಿಯಲ್ಲಿ ಹಿಡಿಯುತ್ತಿದ್ದರು, ಗುಡಿಯ ಬಾಗಿಲಲ್ಲಿ ಚಪ್ಪಲಿಯ ಪಕ್ಕ ಒರಗಿಸಿ ಒಳಗೆ ಹೋಗುತ್ತಿದ್ದರು. ಒಂದು ದ್ವಾದಶಿಯ ಬೆಳಗಿನ ಜಾವ, ಅಭಿಷೇಕದ ನೀರು ಹರಿದಿದ್ದ ಕಲ್ಲುಹಾಸಿನ ಮೇಲೆ ಜಾರಿಬಿದ್ದರು.

“ಸೆಗಣಿ ಕೆಸರು ತುಳಿದ ಕೋಲನ್ನು ದೇವರೆದುರು ಊರಲೆ?” ಎಂಬುದು ಅವರ ವಾದ. ಪಾಠಶಾಲೆಯಲ್ಲಿ ಓದಿದ ನಾನು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆ. ಆದರೂ ಕೇಳಿದೆ: “ಅಪ್ಪ, ಅದೇ ಬೀದಿಯನ್ನು ನಿಮ್ಮ ಪಾದವೂ ತುಳಿಯುವುದುಂಟಲ್ಲ? ಅದನ್ನು ತೊಳೆದು ಒಳಗೆ ಹೋಗುತ್ತೀರಿ. ಹೊರಗೆ ಬಿಟ್ಟು ಹೋಗುವುದಿಲ್ಲ.” ಚಪ್ಪಲಿಯಿಲ್ಲದೆ ನಡೆಯಬಹುದು. ಅವರು ಕೋಲಿಲ್ಲದೆ ನಡೆಯಲಾರರು. ಆದುದರಿಂದ ಕೋಲು ಪಾದರಕ್ಷೆಯ ಜಾತಿಗೆ ಸೇರಿದ್ದಲ್ಲ, ಪಾದದ ಜಾತಿಗೆ ಸೇರಿದ್ದು.

ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ನಿಜವಾದ ಕಾರಣವನ್ನು ಹೇಳಿದರು. “ಕೋಲೂರಿಕೊಂಡು ಬಂದು ತೀರ್ಥ ಕೊಟ್ಟರೆ ಜನ ‘ಅಯ್ಯೋ ಪಾಪ’ ಎನ್ನುತ್ತಾರಪ್ಪ.”

ಅಡ್ಡಿಯಾಗಿದ್ದುದು ಮಡಿಯಲ್ಲ, ಲಜ್ಜೆ. ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿಯೇ ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ವನ್ನು ಆರಂಭಿಸುತ್ತಾರೆ. ಸ್ವತಂತ್ರನು ಶ್ರೀಹರಿಯೊಬ್ಬನೇ. ಇದನ್ನು ನನಗೆ ಬಾಯಿಪಾಠ ಮಾಡಿಸಿದವರೂ ತೀರ್ಥರೂಪರೇ. ಮೊಣಕಾಲಿನ ನೋವಿಗೂ ಜೀವನ ಪಾರತಂತ್ರ್ಯಕ್ಕೂ ಗಂಟುಹಾಕುವುದು ಅತಿಯಾಯಿತೆಂದು ಪಂಡಿತರು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಉಸಿರಾಡುವುದಕ್ಕೂ ಮುಖ್ಯಪ್ರಾಣನ ಆಸರೆ ಬೇಕೆಂದು ನಂಬಿದವರು ಎರಡು ಮೊಳದ ಮರದ ಆಸರೆಗೆ ನಾಚುವುದೇಕೆ ಎಂಬಷ್ಟೇ ನನ್ನ ಸಂದೇಹ. ಉಪನಯನದಲ್ಲಿ ವಟುವಿನ ಕೈಗೆ ಮುತ್ತುಗದ ದಂಡವನ್ನು ಕೊಡುವಾಗ ಯಾರೂ ‘ಅಯ್ಯೋ ಪಾಪ’ ಎನ್ನುವುದಿಲ್ಲ. 1930ರ ದಂಡಿಯಾತ್ರೆಯಲ್ಲಿ ಅರವತ್ತು ತುಂಬಿದ್ದ ಗಾಂಧೀಜಿಯವರ ಕೈಯಲ್ಲಿದ್ದ ಬಿದಿರುಕೋಲು, ಮಂಜೇಶ್ವರದ ಗೋವಿಂದ ಪೈಗಳಿಂದ ಕಾಕಾ ಕಾಲೇಲ್ಕರರಿಗೆ, ಅವರಿಂದ ಗಾಂಧೀಜಿಗೆ ಸಂದದ್ದೆಂದು ಪ್ರಸಿದ್ಧಿಯಿದೆ. ಅದನ್ನು ಕಂಡು ಮರುಗಿದವರುಂಟೆ?

ಲಜ್ಜೆ ಕಳೆದರೂ ವಿದ್ಯೆ ಬರಬೇಕಷ್ಟೆ. ಮೊದಲು ಕೊಂಡ ಕೋಲು ಉದ್ದವಾಗಿತ್ತು, ಹೆಗಲು ಮೇಲೆದ್ದು ನೋಯುತ್ತಿತ್ತು. ಉಪನಯನದ ದಂಡಕ್ಕೆ ವಟುವಿನ ಕೇಶದವರೆಗೆ ಅಳತೆಯಿರುವಂತೆ ಇದಕ್ಕೂ ಅಳತೆಯುಂಟು: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಯು ಮಣಿಕಟ್ಟಿನ ಗೆರೆಗೆ ಸಮನಾಗಿರಬೇಕು; ಊರಿದಾಗ ಮೊಣಕೈ ತುಸು ಬಾಗಬೇಕು. ಚಪ್ಪಲಿ ಮೆಟ್ಟಿ ಅಳೆದ ಕೋಲು ಬರಿಗಾಲಿಗೆ ಉದ್ದವಾಗುತ್ತದೆಂಬುದು ನಮಗೆ ತಡವಾಗಿ ಹೊಳೆಯಿತು.

ನೋಯುವ ಕಾಲಿನ ಕಡೆಯೇ ಕೋಲಿರಬೇಕೆಂದು ಎಲ್ಲರೂ ಭಾವಿಸುತ್ತಾರೆ. ತೀರ್ಥರೂಪರೂ ಬಲಗೈಯಲ್ಲಿ ಹಿಡಿಯುತ್ತಿದ್ದರು. ಅದು ತಪ್ಪು. ನಡೆಯುವಾಗ ಬಲಗಾಲಿನೊಡನೆ ಎಡಗೈ ಮುಂದೆ ಬರುವುದು ಸಹಜ. ಆದುದರಿಂದ ಎಡಗೈಯ ಕೋಲು ಬಲಗಾಲಿನ ಸಂಗಡವೇ ನೆಲ ಮುಟ್ಟಿ ಅದರ ಭಾರವನ್ನು ಹಂಚಿಕೊಳ್ಳುತ್ತದೆ. ಮೆಟ್ಟಿಲೇರುವಾಗ ಗಟ್ಟಿಕಾಲು ಮೊದಲು, ಬಳಿಕ ಕೋಲೂ ನೋವಿನ ಕಾಲೂ; ಇಳಿಯುವಾಗ ಕೋಲೂ ನೋವಿನ ಕಾಲೂ ಮೊದಲು. ಹಿಡಿಕಂಬಿಯಿದ್ದರೆ ಒಂದು ಕೈ ಅದರ ಮೇಲಿರಲಿ. ಇದನ್ನು ಅವರು ನಮ್ಮ ಜಗಲಿಯ ಮೂರು ಮೆಟ್ಟಿಲಲ್ಲಿ ಸಾಧಿಸಿ, ತರುವಾಯ ಬೇಲೂರಿಗೆ ಹೋದಾಗ ಚೆನ್ನಕೇಶವನ ಗುಡಿಯ ಜಗತಿಯನ್ನು ಹತ್ತಿದರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವರ ಮುಂದೆ, ಮೊಮ್ಮಗ “ತಾತ, ಯಾವ ಕಾಲು?” ಎಂದು ಕೂಗಿ ಪರೀಕ್ಷಿಸುತ್ತಿದ್ದ!

ತುದಿಯ ರಬ್ಬರು ಸವೆದು ನುಣುಪಾದರೆ ಬದಲಿಸಬೇಕು. ರಬ್ಬರು ಹೊಸದಾದರೂ ಎಣ್ಣೆ, ನೀರು ಬಿದ್ದ ಕಲ್ಲಿನ ಮೇಲೆ ನಂಬಬಾರದು. ನಮ್ಮ ಗುಡಿಯಲ್ಲಿ ಅಭಿಷೇಕವಾದೊಡನೆ ನೆಲವನ್ನು ಒರೆಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಮೊದಲೇ ಮಾಡಬೇಕಾಗಿತ್ತು.

ಈಗ ಗುಡಿಯೊಳಗೆ ಬೇರೆಯೇ ಕೋಲಿದೆ, ಬರಿಗಾಲಿಗೆ ಅಳೆದು ಕೊಯ್ಸಿದ್ದು. ಮಡಿಯುಟ್ಟು ಬಂದವರು ಪಾದ ತೊಳೆದ ಚೊಂಬಿನ ನೀರನ್ನೇ ಅದರ ತುದಿಗೂ ಸುರಿಯುತ್ತಾರೆ. ಗರ್ಭಗುಡಿಯೊಳಕ್ಕೆ ಮಾತ್ರ ಇನ್ನೂ ಒಯ್ಯುವುದಿಲ್ಲ. ಅಲ್ಲಿ ನನ್ನ ಭುಜವನ್ನು ಹಿಡಿದು ದಾಟುತ್ತಾರೆ; ನಾನೂ ವಾದಿಸುವುದಿಲ್ಲ.